ಲ್ಯಾಪ್‌ಟಾಪಿಗೆ ಕೂಲಿಂಗ್ ಪ್ಯಾಡ್: ಕೊಳ್ಳುವ ಮುನ್ನ ಯಂತ್ರದ ತಳವನ್ನೊಮ್ಮೆ ನೋಡಿ

ಅರ್ಧ ಗಂಟೆಯ ಕೆಲಸಕ್ಕೇ ಕೈಗೆ ಚುರುಗುಟ್ಟುವ, ಫ್ಯಾನು ಭೋರ್ಗರೆಯುವ ಲ್ಯಾಪ್‌ಟಾಪಿಗೆ ಸುಲಭ ಪರಿಹಾರವೆಂದು ಹೆಚ್ಚಿನವರಿಗೆ ಹೊಳೆಯುವುದು ಕೂಲಿಂಗ್ ಪ್ಯಾಡ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಾಗಲಿ, ಆನ್‌ಲೈನ್ ಮಳಿಗೆಗಳಲ್ಲಾಗಲಿ ಐದಾರು ನೂರು ರೂಪಾಯಿಗಳಿಂದ ಮೊದಲ್ಗೊಂಡು ಹಲವು ಸಾವಿರ ರೂಪಾಯಿಗಳವರೆಗಿನ ಪ್ಯಾಡ್‌ಗಳು ದೊರೆಯುತ್ತವೆ. ನೀಲಿ ದೀಪ ಬೆಳಗುವ ನಾಲ್ಕೈದು ಫ್ಯಾನುಗಳನ್ನು ಕಂಡೊಡನೆ ಮನಸ್ಸಂತೂ ತಂಪಾಗುತ್ತದೆ. ಯಂತ್ರವೂ ತಂಪಾಗುವುದೇ ಎಂಬುದು ಮಾತ್ರ ಪ್ಯಾಡ್‌ಗಿಂತ ಹೆಚ್ಚಾಗಿ ಲ್ಯಾಪ್‌ಟಾಪಿನ ರಚನೆಯನ್ನು ಅವಲಂಬಿಸಿದೆ. ಕೆಲವು ಯಂತ್ರಗಳಿಗೆ ಇದು ನಿಜಕ್ಕೂ ಉಪಕಾರಿ. ಹಲವಕ್ಕೆ ಅನಾವಶ್ಯಕ. ಇನ್ನು ಕೆಲವೊಮ್ಮೆ, ಒಳಗಿರುವ ನಿಜವಾದ ದೋಷವನ್ನು ಇದು ಕೆಲಕಾಲ ಮರೆಮಾಚುತ್ತದೆಯಷ್ಟೆ.

ಗಾಳಿ ಒಳಗೆ ಹೋಗುವ ದಾರಿ

ಲ್ಯಾಪ್‌ಟಾಪಿನಲ್ಲಿ ಬಿಸಿಯ ಮೂಲ ಪ್ರೊಸೆಸರ್. ಆಟಗಳಿಗೆ ಹಾಗೂ ವಿಡಿಯೊ ಸಂಕಲನಕ್ಕೆ ಬಳಸುವ ಯಂತ್ರಗಳಲ್ಲಿ ಅದರೊಡನೆ ಗ್ರಾಫಿಕ್ಸ್ ಚಿಪ್. ಅಲ್ಲಿ ಹುಟ್ಟುವ ಶಾಖವನ್ನು ತಾಮ್ರದ ಕೊಳವೆಗಳು ತೆಳು ಲೋಹದ ಹಲ್ಲೆಗಳಿಗೆ ಸಾಗಿಸುತ್ತವೆ. ಪುಟ್ಟ ಫ್ಯಾನೊಂದು ಆ ಹಲ್ಲೆಗಳ ಮೂಲಕ ಗಾಳಿಯನ್ನು ನೂಕಿ ಹಿಂಬದಿಯಿಂದಲೋ ಪಕ್ಕದಿಂದಲೋ ಹೊರಕ್ಕೆ ಕಳಿಸುತ್ತದೆ. ಹೊರಹೋದಷ್ಟೇ ಗಾಳಿ ಒಳಗೆ ಬರಬೇಕಷ್ಟೆ. ಬಹಳಷ್ಟು ಮಾದರಿಗಳಲ್ಲಿ ಆ ಗಾಳಿ ಬರುವುದು ತಳದಲ್ಲಿರುವ ಕಿಂಡಿಗಳಿಂದ. ತಳದ ರಬ್ಬರು ಪಾದಗಳು ಎತ್ತಿಹಿಡಿಯುವುದು ಕೆಲವೇ ಮಿಲಿಮೀಟರ್. ಹಾಸಿಗೆ, ದಿಂಬು, ಸೋಫಾಗಳ ಮೇಲಿಟ್ಟರೆ ಆ ಸಂದೂ ಮುಚ್ಚಿಹೋಗುತ್ತದೆ. ಮೂಗು ಮುಚ್ಚಿ ಓಡೆಂದರೆ ಯಾರು ತಾನೇ ಓಡಿಯಾರು?

ಕೂಲಿಂಗ್ ಪ್ಯಾಡ್ ಮಾಡುವುದು ಎರಡೇ ಕೆಲಸ: ಯಂತ್ರವನ್ನು ಎತ್ತಿ ಹಿಡಿಯುವುದು, ತಳದತ್ತ ಗಾಳಿ ಬೀಸುವುದು. ಆ ಗಾಳಿಯಾದರೂ ಕೋಣೆಯ ಗಾಳಿಯೇ. ಬೇಸಿಗೆಯ ಹಗಲಿನಲ್ಲಿ ಕಲಬುರಗಿ, ರಾಯಚೂರುಗಳ ಉಷ್ಣಾಂಶ 40 ಡಿಗ್ರಿ ದಾಟಿದಾಗ ಮನೆಯೊಳಗೂ ಅಂಥದೇ ಸೆಕೆಯಿದ್ದರೆ ಪ್ಯಾಡ್ ಬೀಸುವುದೂ ಆ ಬಿಸಿಗಾಳಿಯನ್ನೇ. ಆಪಲ್ ಕಂಪನಿಯು ತನ್ನ ಮ್ಯಾಕ್‌ಬುಕ್‌ಗಳ ಬಳಕೆಗೆ ಸೂಚಿಸುವ ಸುತ್ತಲಿನ ಉಷ್ಣಾಂಶ 10ರಿಂದ 35 ಡಿಗ್ರಿ ಸೆಲ್ಸಿಯಸ್. ಕೋಣೆಯ ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಒಳಗಿನ ಚಿಪ್‌ಗಳ ಉಷ್ಣಾಂಶವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆದ್ದರಿಂದ ಮೈಸೂರಿನಲ್ಲಿ ತೊಂದರೆ ಕೊಡದ ಯಂತ್ರ ಬಯಲುಸೀಮೆಯ ಬೇಸಿಗೆಯಲ್ಲಿ ಮುಗ್ಗರಿಸಬಹುದು.

ಎಷ್ಟು ಬಿಸಿಯಾದರೆ ಚಿಂತಿಸಬೇಕು?

ಅಂಗೈಗೆ ಬಿಸಿ ತಾಗಿತೆಂಬುದು ಸರಿಯಾದ ಅಳತೆಗೋಲಲ್ಲ. ಲೋಹದ ಹೊರಮೈಯುಳ್ಳ ಯಂತ್ರಗಳು ಶಾಖವನ್ನು ಬೇಗ ಹೊರಕ್ಕೆ ಸಾಗಿಸುವುದರಿಂದಲೇ ಬಿಸಿಯೆನಿಸುತ್ತವೆ. ಪ್ಲಾಸ್ಟಿಕ್ ಮೈ ತಣ್ಣಗಿದ್ದೂ ಒಳಗಿನ ಚಿಪ್ ಕುದಿಯುತ್ತಿರಬಹುದು. ನೋಡಬೇಕಾದದ್ದು ಚಿಪ್‌ನೊಳಗಿನ ಸಂವೇದಕ ತೋರುವ ಅಂಕಿಯನ್ನು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್‌ಫೊ, ಕೋರ್ ಟೆಂಪ್ ಮುಂತಾದ ಉಚಿತ ತಂತ್ರಾಂಶಗಳು ಇದನ್ನು ತೋರಿಸುತ್ತವೆ. ಲಿನಕ್ಸ್ ಬಳಸುವವರಿಗೆ ಸೆನ್ಸರ್ಸ್ ಎಂಬ ಆದೇಶವಿದೆ.

ಭಾರದ ಕೆಲಸ ನಡೆಯುವಾಗ 80ರಿಂದ 90 ಡಿಗ್ರಿ ಕಂಡರೆ ಗಾಬರಿಯಾಗಬೇಕಿಲ್ಲ. ಇಂಟೆಲ್‌ನ ಅನೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ನಿಗದಿಯಾದ ಗರಿಷ್ಠ ಮಿತಿ 100 ಡಿಗ್ರಿ. ಆ ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಯಂತ್ರವೇ ಆರಿಹೋಗುತ್ತದೆ. ಆಟ ಶುರುವಾದ ಹತ್ತು ನಿಮಿಷಕ್ಕೆ ಚಿತ್ರ ತೊದಲತೊಡಗುವುದು ಬಹುಮಟ್ಟಿಗೆ ಈ ಕಾರಣಕ್ಕೆ. ಚಿಂತಿಸಬೇಕಾದ ಸಂದರ್ಭಗಳೆಂದರೆ, ಉಷ್ಣಾಂಶ ಪದೇ ಪದೇ ಮಿತಿ ಮುಟ್ಟಿ ಕೆಲಸ ಕುಂಟುವುದು, ಮತ್ತು ಪತ್ರ ಬರೆಯುವ, ಅಂತರಜಾಲ ನೋಡುವ ಹಗುರ ಕೆಲಸಕ್ಕೂ ಅಂಕಿ 80ರ ಆಚೆಗೇ ನಿಲ್ಲುವುದು. ಮೊದಲನೆಯದಕ್ಕೆ ಪ್ಯಾಡ್ ನೆರವಾಗಬಹುದು. ಎರಡನೆಯದಕ್ಕೆ ಬೇಕಾದದ್ದು ರಿಪೇರಿ.

ಮನೆಯಲ್ಲೇ ಒಂದು ಪರೀಕ್ಷೆ

ಹಣ ಖರ್ಚು ಮಾಡುವ ಮುನ್ನ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಲ್ಯಾಪ್‌ಟಾಪನ್ನು ಗಟ್ಟಿ ಮೇಜಿನ ಮೇಲಿಟ್ಟು ನಿತ್ಯ ಮಾಡುವ ಅತಿ ಭಾರದ ಕೆಲಸವನ್ನೇ ಹದಿನೈದು ಇಪ್ಪತ್ತು ನಿಮಿಷ ನಡೆಸಿ, ಗರಿಷ್ಠ ಉಷ್ಣಾಂಶವನ್ನು ಬರೆದುಕೊಳ್ಳಿ. ಬಳಿಕ ಗಾಳಿಕಿಂಡಿಗಳು ಮುಚ್ಚದಂತೆ ಹಿಂಬದಿಯ ಎರಡು ಮೂಲೆಗಳ ಅಡಿ ಎರಡು ಪುಸ್ತಕಗಳನ್ನಿಟ್ಟು, ಎರಡು ಮೂರು ಸೆಂಟಿಮೀಟರ್ ಎತ್ತರಿಸಿ ಅದೇ ಕೆಲಸವನ್ನು ಮತ್ತೆ ನಡೆಸಿ. ಕೆಲವು ಡಿಗ್ರಿ ಇಳಿಯಿತೆ? ಹಾಗಾದರೆ ನಿಮಗೆ ಬೇಕಾದದ್ದು ಫ್ಯಾನುಗಳಿಲ್ಲದ ಬರಿಯ ಸ್ಟ್ಯಾಂಡ್. ಅದಕ್ಕೆ ಶಬ್ದವಿಲ್ಲ, ವಿದ್ಯುತ್ ಬೇಡ, ಕೆಡುವ ಭಾಗವೂ ಇಲ್ಲ. ಮೂರನೆಯ ಬಾರಿ, ಎತ್ತರಿಸಿದ ಯಂತ್ರದ ಅಡಿಗೆ ಟೇಬಲ್ ಫ್ಯಾನಿನ ಗಾಳಿ ಹಾಯಿಸಿ ನೋಡಿ. ಆಗ ಇನ್ನಷ್ಟು ಇಳಿದರೆ ಮಾತ್ರ ಫ್ಯಾನುಳ್ಳ ಪ್ಯಾಡ್‌ನ ಮಾತು. ಏನೂ ಇಳಿಯದಿದ್ದರೆ ಜೇಬಿನ ಹಣ ಜೇಬಿನಲ್ಲೇ ಇರಲಿ.

ಇದರ ಜೊತೆಗೆ ತಳವನ್ನೂ ಪರಿಶೀಲಿಸಬೇಕು. ಫ್ಯಾನು ಓಡುತ್ತಿರುವಾಗ ತೆಳು ಕಾಗದದ ಚೂರೊಂದನ್ನು ತಳದ ಕಿಂಡಿಗೆ ಹಿಡಿದರೆ ಅದು ಒಳಕ್ಕೆ ಸೆಳೆಯಲ್ಪಟ್ಟು ಅಂಟಿಕೊಳ್ಳಬೇಕು. ಗಾಳಿ ಹೊರಕ್ಕೆ ಬರುವ ಕಿಂಡಿಗೆ ಎದುರಾಗಿ ಪ್ಯಾಡ್‌ನ ಫ್ಯಾನು ಬೀಸಿದರೆ ಎರಡೂ ಗಾಳಿಗಳು ಗುದ್ದಾಡುತ್ತವೆ. ತಳದಲ್ಲಿ ಕಿಂಡಿಯೇ ಇಲ್ಲದ ಯಂತ್ರಗಳೂ ಇವೆ. 2020ರಲ್ಲಿ ಬಂದ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಇಂಥವುಗಳಿಗೆ ಪ್ಯಾಡ್ ಇಟ್ಟರೆ ಹೊರಮೈ ತುಸು ತಣಿಯಬಹುದೇ ಹೊರತು ಒಳಕ್ಕೆ ಗಾಳಿ ಸೇರದು.

ಮೊದಲು ಧೂಳು, ಬ್ಯಾಟರಿ

ಎರಡು ಮೂರು ವರ್ಷ ಬಳಸಿದ ಯಂತ್ರ ಇತ್ತೀಚೆಗಷ್ಟೇ ಬಿಸಿಯಾಗತೊಡಗಿದ್ದರೆ ಮೊದಲ ಅನುಮಾನ ಧೂಳಿನ ಮೇಲೆ ಇರಲಿ. ಲೋಹದ ಹಲ್ಲೆಗಳ ನಡುವೆ ಧೂಳು, ಕೂದಲು, ಬಟ್ಟೆಯ ಎಳೆ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿದ ಮೇಲೆ ಹೊರಗಿನಿಂದ ಎಷ್ಟು ಬೀಸಿದರೂ ಅಷ್ಟೇ. ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆಗಳು ಗಿರ್ರನೆ ತಿರುಗದಂತೆ ಹಿಡಿದಿರಬೇಕು, ಇಲ್ಲವಾದರೆ ಬೇರಿಂಗ್ ಹಾಳಾದೀತು. ಚಿಪ್ ಮತ್ತು ತಾಮ್ರದ ನಡುವಣ ಥರ್ಮಲ್ ಪೇಸ್ಟ್ ಕೂಡ ವರ್ಷಗಳು ಕಳೆದಂತೆ ಒಣಗುತ್ತದೆ. ಅದನ್ನು ಬದಲಿಸುವ ಕೆಲಸ ತಂತ್ರಜ್ಞರಿಗೇ ಇರಲಿ. ಆಟಕ್ಕೆಂದು ರೂಪಿಸಿದ ಕೆಲವು ಮಾದರಿಗಳಲ್ಲಿ ಪೇಸ್ಟ್ ಬದಲು ವಿದ್ಯುತ್ ಹರಿಸಬಲ್ಲ ದ್ರವಲೋಹ ಇರುತ್ತದೆ, ಅದು ಚೆಲ್ಲಿದರೆ ಮದರ್‌ಬೋರ್ಡ್‌ಗೇ ಸಂಚಕಾರ. ವಾರಂಟಿ ಇದ್ದರೆ ತಾವೇ ಬಿಚ್ಚುವ ಮುನ್ನ ನಿಯಮಗಳನ್ನು ಓದಿಕೊಳ್ಳುವುದು ಒಳಿತು.

ಕಾಸಿಲ್ಲದ ಉಪಾಯ ಇನ್ನೊಂದುಂಟು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು ಶೇ. 100ರಿಂದ 99ಕ್ಕೆ ಇಳಿಸಿದರೆ ಅನೇಕ ಯಂತ್ರಗಳಲ್ಲಿ ಟರ್ಬೊ ವೇಗ ನಿಂತುಹೋಗಿ ಬಿಸಿ ಗಣನೀಯವಾಗಿ ತಗ್ಗುತ್ತದೆ. ಕಚೇರಿ ಕೆಲಸಕ್ಕೆ ಈ ವೇಗದ ಕೊರತೆ ಹೆಚ್ಚಾಗಿ ಅರಿವಿಗೇ ಬಾರದು. ಕೆಲವು ಹೊಸ ಯಂತ್ರಗಳಲ್ಲಿ ಈ ಆಯ್ಕೆ ಕಾಣಿಸದು. ಅಲ್ಲಿ ತಯಾರಕರದೇ ತಂತ್ರಾಂಶದಲ್ಲಿ ನಿಶ್ಶಬ್ದ ಅಥವಾ ಸಮತೋಲನದ ಆಯ್ಕೆ ಇರುತ್ತದೆ.

ಬ್ಯಾಟರಿ ಉಬ್ಬಿದ್ದರೆ ಮಾತ್ರ ಪ್ಯಾಡ್‌ನ ಯೋಚನೆಯನ್ನೇ ಬಿಡಬೇಕು. ಟಚ್‌ಪ್ಯಾಡ್ ಮೇಲೆದ್ದಿರುವುದು, ಮುಚ್ಚಳ ಸರಿಯಾಗಿ ಕೂರದಿರುವುದು, ಸಮತಟ್ಟಾದ ಮೇಜಿನ ಮೇಲೂ ಯಂತ್ರ ಅಲುಗಾಡುವುದು ಇದರ ಲಕ್ಷಣಗಳು. ಅಂಥ ಯಂತ್ರವನ್ನು ಚಾರ್ಜ್ ಮಾಡದೆ, ಒತ್ತದೆ, ಚುಚ್ಚದೆ ಸೇವಾಕೇಂದ್ರಕ್ಕೆ ಒಯ್ಯಬೇಕು. 2006ರ ಆಗಸ್ಟ್‌ನಲ್ಲಿ ಡೆಲ್ ಕಂಪನಿಯು ಸೋನಿ ತಯಾರಿಸಿದ್ದ ಕೋಶಗಳುಳ್ಳ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಬೆಂಕಿಯ ಅಪಾಯದ ಕಾರಣ ಹಿಂದಕ್ಕೆ ಪಡೆದಾಗ ದೋಷವಿದ್ದದ್ದು ಕೋಶಗಳ ಒಳಗೆ ಸೇರಿದ್ದ ಲೋಹದ ಸೂಕ್ಷ್ಮ ಕಣಗಳಲ್ಲಿ. ಹೊರಗಿನ ಯಾವ ಫ್ಯಾನೂ ಇಂಥದನ್ನು ಸರಿಪಡಿಸಲಾರದು.

ಹೆಸರೇ ಲ್ಯಾಪ್‌ಟಾಪ್ ಆದರೂ ಬಹುಹೊತ್ತು ತೊಡೆಯ ಮೇಲಿಡುವುದು ಸಲ್ಲದು. ದಿನಕ್ಕೆ ಕೆಲವು ಗಂಟೆಗಳಂತೆ ತಿಂಗಳುಗಟ್ಟಲೆ ತೊಡೆಯ ಮೇಲಿಟ್ಟು ಆಟವಾಡಿದ 12 ವರ್ಷದ ಬಾಲಕನ ಚರ್ಮದ ಮೇಲೆ ಬಲೆಯಂಥ ಕಂದು ಕಲೆಗಳು ಮೂಡಿದ್ದನ್ನು ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು.

ಕೊಳ್ಳುವುದೇ ಆದರೆ

ಫ್ಯಾನುಗಳ ಸಂಖ್ಯೆಗೆ ಮರುಳಾಗಬೇಡಿ. ಯುಎಸ್‌ಬಿ 2.0 ಕಿಂಡಿಯೊಂದು ಸಾಮಾನ್ಯವಾಗಿ ಕೊಡಬಲ್ಲದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, ಎಂದರೆ 2.5 ವ್ಯಾಟ್. ಅದನ್ನು ಐದು ಫ್ಯಾನುಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ ಅರ್ಧ ವ್ಯಾಟ್. 150 ವ್ಯಾಟ್‌ಗೂ ಮಿಗಿಲಾದ ಅಡಾಪ್ಟರ್ ಬೇಡುವ ಆಟದ ಯಂತ್ರಕ್ಕೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮುಖ್ಯವಾದದ್ದು ಫ್ಯಾನು ಎಲ್ಲಿದೆಯೆಂಬುದು. ಲ್ಯಾಪ್‌ಟಾಪಿನ ಕಿಂಡಿಗಳು ಎಡ, ಬಲ ಅಂಚುಗಳಲ್ಲಿದ್ದು ಪ್ಯಾಡ್‌ನ ಏಕೈಕ ದೊಡ್ಡ ಫ್ಯಾನು ನಟ್ಟನಡುವೆ ಇದ್ದರೆ ಗಾಳಿ ವ್ಯರ್ಥ. ಅಂಗಡಿಗೆ ಹೋಗುವಾಗ ಯಂತ್ರದ ತಳದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ಒಯ್ದರೆ ಹೋಲಿಸಲು ಅನುಕೂಲ. ಯಂತ್ರವನ್ನೇ ಒಯ್ದರೆ ಮತ್ತೂ ಒಳ್ಳೆಯದು. ಸ್ಥಾನ ಹೊಂದುವುದಾದರೆ ಸಣ್ಣವು ನಾಲ್ಕಕ್ಕಿಂತ ನಿಧಾನ ತಿರುಗುವ ದೊಡ್ಡದೊಂದೇ ಲೇಸು, ಸದ್ದು ಕಡಿಮೆ.

ಈಚಿನ ವರ್ಷಗಳಲ್ಲಿ ಸುತ್ತ ಫೋಮ್ ಅಂಚು ಇರುವ, ಪ್ರತ್ಯೇಕ ಅಡಾಪ್ಟರ್‌ನಿಂದ ಓಡುವ ಪ್ಯಾಡ್‌ಗಳು ಬಂದಿವೆ. ಫೋಮ್ ಯಂತ್ರದ ತಳಕ್ಕೆ ಒತ್ತಿಕೊಳ್ಳುವುದರಿಂದ ಗಾಳಿ ಪಕ್ಕಕ್ಕೆ ಸೋರದೆ ಕಿಂಡಿಗಳೊಳಕ್ಕೇ ನುಗ್ಗುತ್ತದೆ. ತಳದಿಂದ ಗಾಳಿ ಸೆಳೆಯುವ ಆಟದ ಲ್ಯಾಪ್‌ಟಾಪ್‌ಗಳಿಗೆ ಪರಿಣಾಮ ಕಾಣುವಂತಿರುವುದು ಈ ಬಗೆಯಲ್ಲೇ. ಆದರೆ ಬೆಲೆ ದುಬಾರಿ, ಪೂರ್ಣ ವೇಗದಲ್ಲಿ ಸದ್ದು ವ್ಯಾಕ್ಯೂಮ್ ಕ್ಲೀನರ್ ನೆನಪಿಸುವಂಥದ್ದು. ರಾತ್ರಿ ಮನೆಮಂದಿ ಮಲಗಿರುವಾಗ ಇದರೊಡನೆ ಆಟವಾಡುವವರ ಧೈರ್ಯ ಮೆಚ್ಚತಕ್ಕದ್ದೇ! ಹೆಚ್ಚು ಗಾಳಿಯೊಡನೆ ಹೆಚ್ಚು ಧೂಳೂ ಒಳಸೇರುವುದರಿಂದ, ಕಳಚಿ ತೊಳೆಯಬಹುದಾದ ಜಾಲರಿ ಇದೆಯೇ ಎಂದು ನೋಡಿಕೊಳ್ಳಬೇಕು.

ಉಳಿದಂತೆ, ಪ್ಯಾಡ್‌ನ ಅಗಲ ಯಂತ್ರದ ಅಗಲಕ್ಕೆ ಹೊಂದಲಿ, ಜಾರದಂತೆ ತಡೆ ಇರಲಿ. ಯುಎಸ್‌ಬಿ ಪ್ಯಾಡ್ ಕೊಂಡರೆ ಒಂದು ಕಿಂಡಿ ಅದರ ಪಾಲಾಗುತ್ತದೆಂಬುದೂ, ವಿದ್ಯುತ್ ಹೋದಾಗ ಅದು ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ಹೀರುತ್ತದೆಂಬುದೂ ಗಮನದಲ್ಲಿರಲಿ. ಬಣ್ಣದ ದೀಪಗಳಿಗೆ ತಂಪಿನೊಡನೆ ಯಾವ ನಂಟೂ ಇಲ್ಲ.

ಸಾಮಾನು ಮನೆಗೆ ಬಂದೊಡನೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಮೊದಲಿನ ಪರೀಕ್ಷೆಯನ್ನು ಅದೇ ಕೋಣೆಯಲ್ಲಿ, ದಿನದ ಅದೇ ಹೊತ್ತಿಗೆ ಮತ್ತೊಮ್ಮೆ ನಡೆಸಿ. ಪುಸ್ತಕ ಇಟ್ಟಾಗ ಬಂದ ಅಂಕಿಗೂ ಪ್ಯಾಡ್ ಇಟ್ಟಾಗ ಬಂದ ಅಂಕಿಗೂ ಒಂದೆರಡು ಡಿಗ್ರಿಯಷ್ಟೇ ಅಂತರವಿದ್ದು ಕೆಲಸದ ವೇಗವೂ ಸುಧಾರಿಸದಿದ್ದರೆ ಪ್ಯಾಡನ್ನು ಹಿಂದಕ್ಕೆ ಕಳಿಸಿಬಿಡಿ.