ಸಾಂಕ್ರಾಮಿಕ ರೋಗಗಳೂ ಹದಿಹರೆಯದ ಆರೋಗ್ಯವೂ : ಯರಗಟ್ಟಿ ಸೀಮೆಯ ಸಾಕ್ಷ್ಯವಿಚಾರ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸತ್ತವರನ್ನು ಎಣಿಸುತ್ತಾರೆ. ಬದುಕುಳಿದ ಹದಿಹರೆಯದವರ ವಿವಾಹ, ಲೈಂಗಿಕ ಆರೋಗ್ಯ, ನಡವಳಿಕೆಗಳು ಏನಾದುವೆಂಬುದು ಆ ಲೆಕ್ಕದ ಹೊರಗೇ ಉಳಿಯುತ್ತದೆ. ಹಿಂದೆ ಸವದತ್ತಿಗೆ ಸೇರಿದ್ದು ಈಗ ತಾನೇ ತಾಲೂಕೆನಿಸಿರುವ ಯರಗಟ್ಟಿಯ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸುತ್ತೇವೆ.

1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆ ಪ್ರಾಂತದಲ್ಲಿ ಮಡಿದವರು 10 ಲಕ್ಷಕ್ಕೂ ಹೆಚ್ಚು. ಅವರಲ್ಲಿ 20ರಿಂದ 40 ವರ್ಷದವರೇ ಬಹುಮಂದಿ. ಆಗ ವಿವಾಹಕ್ಕೆ ಕನಿಷ್ಠ ವಯಸ್ಸೆಂಬುದಿರಲಿಲ್ಲ. 1891ರ ಕಾಯಿದೆ ಸಮ್ಮತಿಯ ವಯಸ್ಸನ್ನು 12ಕ್ಕೆ ಏರಿಸಿದ್ದಿತು, ಅಷ್ಟೆ. ಬಾಲ್ಯವಿವಾಹ ರೂಢಿಯಲ್ಲಿದ್ದ ಮನೆಗಳಲ್ಲಿ ತರುಣ ಪತಿಯ ಮರಣವೆಂದರೆ ಹದಿಹರೆಯದ ವೈಧವ್ಯವೇ. ಹುಡುಗಿಯರಿಗೆ 14 ವರ್ಷವೆಂಬ ಮಿತಿ 1930ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು.

2020ರಲ್ಲಿ ಕಾಯಿದೆಯ ಬಲವಿದ್ದಿತು. ಆದರೆ ಅದರ ಕಣ್ಣುಗಳು ಮುಚ್ಚಿದುವು. ಮಾರ್ಚಿನಲ್ಲಿ ಶಾಲೆಗಳೂ ವಸತಿನಿಲಯಗಳೂ ಮುಚ್ಚಿದ ಮೇಲೆ, ಗೈರುಹಾಜರಾದ ಹುಡುಗಿಯನ್ನು ಕುರಿತು ವಿಚಾರಿಸುವ ಉಪಾಧ್ಯಾಯರಿಲ್ಲದಂತಾಯಿತು. ಮದುವೆಗೆ 50 ಜನರ ಮಿತಿ ಬಂದುದರಿಂದ ವೆಚ್ಚ ಇಳಿಯಿತು. ಕೂಲಿ ನಿಂತ ತಂದೆಗೆ ಅದೊಂದು ಆಕರ್ಷಣೆ, ಮನೆಯೊಳಗಣ ಮದುವೆ ಅಧಿಕಾರಿಗಳಿಗೆ ಅಗೋಚರ. ಹದಿಹರೆಯದವರ ಸ್ನೇಹಾ ಕ್ಲಿನಿಕ್ಕುಗಳನ್ನು ನಡೆಸುವ ಆರೋಗ್ಯ ಇಲಾಖೆ ಕೋವಿಡ್ ಕಾರ್ಯದಲ್ಲಿ ಮುಳುಗಿದ್ದಿತು. ಶುಚಿ ಯೋಜನೆ ನಿಂತುಹೋಗಿ 2024ರಲ್ಲಷ್ಟೇ ಮರಳಿತು. ಸವದತ್ತಿಯ ಯಲ್ಲಮ್ಮನ ಗುಡಿಯೂ ಬಹುಕಾಲ ಭಕ್ತರಿಗೆ ಮುಚ್ಚಿದ್ದಿತು. ಆದರೆ ಇದರಿಂದ ಮುತ್ತು ಕಟ್ಟುವುದು ನಿಂತಿತೆಂದು ಹೇಳಲಾಗದು. 1982ರ ದೇವದಾಸಿ ನಿಷೇಧ ಕಾಯಿದೆಯ ತರುವಾಯ ಆ ವಿಧಿ ಗುಡಿಯಿಂದ ಮನೆಗಳಿಗೂ ಸಣ್ಣ ಗುಡಿಗಳಿಗೂ ಸರಿದು ಗುಪ್ತವಾಗಿದ್ದಿತು.

ಇನ್ನು ಸಾಕ್ಷ್ಯದ ಮಾತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20–24 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 21.3 ಮಂದಿ 18 ತುಂಬುವ ಮುನ್ನವೇ ವಿವಾಹವಾದವರು. ಈ ಅಂಕಿಯನ್ನು ಕೋವಿಡ್ಡಿನ ಪರಿಣಾಮಕ್ಕೆ ಆಧಾರವಾಗಿ ಹಿಡಿಯುವುದು ತಪ್ಪು. ವರದಿ ಹೊರಬಂದುದು ರೋಗಕಾಲದಲ್ಲಾದರೂ, ರಾಜ್ಯದಲ್ಲಿ ಮಾಹಿತಿ ಸಂಗ್ರಹ 2019ರ ಜುಲೈ–ಡಿಸೆಂಬರಿನಲ್ಲೇ ಮುಗಿದಿದ್ದಿತು. ಅದು ರೋಗಕ್ಕೆ ಮುಂಚಿನ ಸ್ಥಿತಿಯ ಅಳತೆ. ದೂರುಗಳ ಸಂಖ್ಯೆಯನ್ನೂ ಎಚ್ಚರದಿಂದ ಓದಬೇಕು. 2012ರ ಪೋಕ್ಸೊ ಕಾಯಿದೆಯಂತೆ, 18ರೊಳಗಿನವರ ಲೈಂಗಿಕ ಸಂಬಂಧ ತಿಳಿದುಬಂದರೆ ವೈದ್ಯರೂ ವರದಿ ಮಾಡಲೇಬೇಕು. ಆ ಭಯದಿಂದ ಗರ್ಭಿಣಿಯಾದ ಬಾಲೆ ಆಸ್ಪತ್ರೆಯ ದಾಖಲೆಗೇ ಸಿಗದಿರಬಹುದು.

ಆದುದರಿಂದ ಎರಡು ಮಾತುಗಳನ್ನು ಹೇಳಬಹುದು. ಸಾಂಕ್ರಾಮಿಕ ರೋಗ ಹದಿಹರೆಯವನ್ನು ತಟ್ಟುವುದು ರೋಗಾಣುವಿನಿಂದ ಮಾತ್ರವಲ್ಲ, ಮುಚ್ಚಿದ ಬಾಗಿಲುಗಳಿಂದಲೂ ಹೌದು. ದಾಖಲೆಯ ಮೌನವನ್ನು ಕ್ಷೇಮವೆಂದು ಓದತಕ್ಕದ್ದಲ್ಲ. ಶಾಲೆಯ ಹಾಜರಿ ಪುಸ್ತಕ, ವರ್ಗಾವಣೆ ಪತ್ರಗಳ ದಾಖಲೆ, ತಾಯಿ ಕಾರ್ಡು ಇವುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದರೆ ಆ ಮೌನ ಕೊಂಚ ಮಾತಾಡೀತು. ಅವು ನಷ್ಟವಾಗುವ ಮುನ್ನ ಈ ಕೆಲಸ ನಡೆಯಬೇಕು.