ಮಗ ಕಟಕಟೆಯಲ್ಲಿ, ಅಪ್ಪ ಸಾಕ್ಷಿ



ನಮ್ಮ ಗಡಿ ಊರುಗಳಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ ಇಲ್ಲವೆ ತೆಲುಗು, ಟಾಕೀಜಿನಲ್ಲಿ ಹಿಂದಿ. ಹೀಗೆ ಬೆಳೆದ ನಮಗೆ ‘ಆವಾರಾ’ ಎಂಬ ಚಿತ್ರದ ಹೆಸರು ಹೊಸದಲ್ಲ. ಚಿತ್ರ ನೋಡದವರೂ ಅದರ ಹಾಡನ್ನು ಮದುವೆಯ ಬ್ಯಾಂಡಿನವರಿಂದ ಕೇಳಿರುತ್ತೀರಿ. ಇಂದು ನಾನು ಹಾಡಿನ ಮಾತು ಆಡುವುದಿಲ್ಲ. ಆ ಚಿತ್ರದಲ್ಲಿ ಅಗಲಿದ ತಂದೆ ಮಗನ ವಿಷಯ ಹೇಳುತ್ತೇನೆ. ಅವರನ್ನು ಅಗಲಿಸಿದ ಒಂದು ನಂಬಿಕೆ ನಮ್ಮ ದೇಶದಲ್ಲಿ ಕಾನೂನೇ ಆಗಿತ್ತು ಎಂಬುದನ್ನೂ ಹೇಳುತ್ತೇನೆ.

‘ಆವಾರಾ’ ತೆರೆ ಕಂಡದ್ದು 1951ರ ಡಿಸೆಂಬರ್ ತಿಂಗಳಲ್ಲಿ. ನಿರ್ಮಾಪಕ, ನಿರ್ದೇಶಕ, ನಾಯಕ ಮೂವರೂ ರಾಜ್ ಕಪೂರ್ ಒಬ್ಬರೇ. ಆಗ ಅವರಿಗೆ 27 ವರ್ಷ. ಕಥೆ ಬರೆದವರು ಖ್ವಾಜಾ ಅಹ್ಮದ್ ಅಬ್ಬಾಸ್. ಅಬ್ಬಾಸರು ಈ ಕಥೆಯನ್ನು ಮೊದಲು ನಿರ್ದೇಶಕ ಮೆಹಬೂಬ್ ಖಾನರಿಗೆ ಕೊಡಲು ಹೊರಟಿದ್ದರು. ಪಾತ್ರಗಳ ಆಯ್ಕೆಯಲ್ಲಿ ಇಬ್ಬರಿಗೂ ಹೊಂದಲಿಲ್ಲ. ತಂದೆಯ ಪಾತ್ರವನ್ನು ಪೃಥ್ವಿರಾಜ್ ಕಪೂರರೂ ಮಗನ ಪಾತ್ರವನ್ನು ಅವರ ಸ್ವಂತ ಮಗ ರಾಜ್ ಕಪೂರರೂ ಮಾಡಬೇಕು ಎಂಬುದು ಅಬ್ಬಾಸರ ಹಟ. ಕೊನೆಗೆ ಕಥೆ ರಾಜ್ ಕಪೂರರ ಕೈ ಸೇರಿತು, ಅಬ್ಬಾಸರ ಹಟವೂ ನೆರವೇರಿತು.

ಕಥೆಯನ್ನು ಸ್ವಲ್ಪ ಕೇಳಿರಿ. ರಘುನಾಥ ಎಂಬ ನ್ಯಾಯಾಧೀಶ. ಒಳ್ಳೆಯವನ ಮಗ ಒಳ್ಳೆಯವನೇ ಆಗುತ್ತಾನೆ, ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬುದು ಅವನ ದೃಢ ನಂಬಿಕೆ. ಈ ನಂಬಿಕೆಯಿಂದಲೇ ಜಗ್ಗಾ ಎಂಬವನಿಗೆ ಮಾಡದ ತಪ್ಪಿಗೆ ಶಿಕ್ಷೆಯಾಗುತ್ತದೆ. ಅವನ ಅಪ್ಪ ಡಕಾಯಿತ, ಅಷ್ಟೇ ಅವನ ಅಪರಾಧ. ಜಗ್ಗಾ ಜೈಲಿನಿಂದ ತಪ್ಪಿಸಿಕೊಂಡು ನಿಜವಾಗಿಯೇ ಡಕಾಯಿತನಾಗುತ್ತಾನೆ. ರಘುನಾಥನ ಹೆಂಡತಿ ಲೀಲಾಳನ್ನು ಹೊತ್ತೊಯ್ಯುತ್ತಾನೆ. ಆಕೆ ಗರ್ಭಿಣಿ ಎಂದು ತಿಳಿದಾಗ ಏನೂ ಮಾಡದೆ ನಾಲ್ಕು ದಿನಕ್ಕೆ ಬಿಟ್ಟುಬಿಡುತ್ತಾನೆ. ಅವನ ಲೆಕ್ಕವೇ ಬೇರೆ: ನ್ಯಾಯಾಧೀಶನ ಮಗನನ್ನು ಕಳ್ಳನನ್ನಾಗಿ ಮಾಡಿ ತೋರಿಸಬೇಕು.

ಮುಂದಿನದನ್ನು ನೀವು ಊಹಿಸಬಲ್ಲಿರಿ. ರಘುನಾಥ ಹೆಂಡತಿಯನ್ನು ಸಂಶಯಪಟ್ಟು ಮಳೆಯ ರಾತ್ರಿ ಮನೆಯಿಂದ ಹೊರಗೆ ಹಾಕುತ್ತಾನೆ. ಆ ಹೊತ್ತಿಗೆ ಬೀದಿಯಲ್ಲಿ ಹಾಡುವವರು ಜನಕನ ಮಗಳು ಕಾಡಿಗೆ ಹೋದ ಕಥೆಯನ್ನು ಹಾಡುತ್ತಿರುತ್ತಾರೆ. ರಾಮಾಯಣ ಬಲ್ಲ ನಮ್ಮ ಜನಕ್ಕೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮಗು ಬೀದಿಯಲ್ಲಿ ಹುಟ್ಟುತ್ತದೆ. ಮುಂಬಯಿಯ ಕೊಳಚೆ ಕೇರಿಯಲ್ಲಿ ತಾಯಿ ಅವನನ್ನು ಓದಿಸಿ ವಕೀಲನನ್ನಾಗಿ ಮಾಡಬೇಕೆಂದು ಒದ್ದಾಡುತ್ತಾಳೆ. ಹುಡುಗ ಬೂಟು ಪಾಲಿಶ್ ಮಾಡಿ ಫೀ ಹೊಂದಿಸುತ್ತಾನೆ. ಶಾಲೆ ತಪ್ಪುತ್ತದೆ. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಾಗ ರೊಟ್ಟಿ ಕದಿಯುತ್ತಾನೆ. ಅಲ್ಲಿಂದ ಜಗ್ಗಾನ ಕೈಗೆ ಬೀಳುತ್ತಾನೆ.

ನ್ಯಾಯಾಧೀಶನ ತರ್ಕ ಎರಡೂ ಕಡೆ ಮುರಿದುಬೀಳುವುದನ್ನು ಗಮನಿಸಿರಿ. ತನ್ನದಲ್ಲ, ಕಳ್ಳನದು ಎಂದು ಅವನು ತಳ್ಳಿದ ಮಗು ಅವನದೇ. ಅದೇ ಮಗ ಕಳ್ಳನಾಗಿದ್ದಾನೆ. ಹಾಗೆ ಮಾಡಿದ್ದು ರಕ್ತವಲ್ಲ, ಹಸಿವು ಮತ್ತು ಜಗ್ಗಾ. ಆ ಜಗ್ಗಾನನ್ನು ತಯಾರು ಮಾಡಿದವನೂ ರಘುನಾಥನೇ.

ಕೋರ್ಟಿನ ದೃಶ್ಯ ಈ ಚಿತ್ರದ ಜೀವಾಳ. ಜಗ್ಗಾನನ್ನು ಕೊಂದು, ರಘುನಾಥನ ಮೇಲೂ ಕೈ ಎತ್ತಿದ ಮಗ ಕಟಕಟೆಯಲ್ಲಿ ನಿಂತಿದ್ದಾನೆ. ಸಾಕ್ಷಿಯಾಗಿ ತಂದೆ ಬಂದಿದ್ದಾನೆ. ಪಾಟೀಸವಾಲು ಹಾಕುವವಳು ರೀಟಾ, ಅಂದರೆ ನರ್ಗಿಸ್. ಆಕೆ ರಘುನಾಥನ ಆಶ್ರಯದಲ್ಲಿ ಬೆಳೆದು ವಕೀಲಳಾದವಳು. ಗರ್ಭಿಣಿ ಹೆಂಡತಿಯನ್ನು ಹೊರಗೆ ಹಾಕಿದ್ದು ನಿಜವೇ ಎಂದು ಆಕೆ ಕೇಳುತ್ತಾಳೆ. ಜೀವಮಾನವೆಲ್ಲ ಪ್ರಶ್ನೆ ಕೇಳಿದವನು ಉತ್ತರ ಕೊಡಬೇಕಾಗುತ್ತದೆ. ಮಗನಾದರೋ ತನಗಾಗಿ ದಯೆ ಬೇಡುವುದಿಲ್ಲ. ಚರಂಡಿಯ ಬದಿಯಲ್ಲಿ ಬೆಳೆಯುತ್ತಿರುವ ಇತರ ಮಕ್ಕಳ ಕಡೆ ನೋಡಿ ಎನ್ನುತ್ತಾನೆ. ಅವನಿಗೆ ಮೂರು ವರ್ಷ ಶಿಕ್ಷೆಯಾಗುತ್ತದೆ. ತಂದೆ ಜೈಲಿಗೆ ಬಂದು ಕ್ಷಮೆ ಕೇಳುತ್ತಾನೆ.

ಆ ಕೋರ್ಟಿನಲ್ಲಿ ನ್ಯಾಯಪೀಠದ ಮೇಲೆ ಕುಳಿತವರು ಪೃಥ್ವಿರಾಜರ ತಂದೆ ಬಶೇಶ್ವರನಾಥ ಕಪೂರ್. ಸಾಕ್ಷಿ ಅವರ ಮಗ, ಕಟಕಟೆಯಲ್ಲಿದ್ದವರು ಮೊಮ್ಮಗ. ಬಾಲಕ ರಾಜನ ಪಾತ್ರ ಮಾಡಿದವರು ರಾಜ್ ಕಪೂರರ ತಮ್ಮ ಶಶಿ ಕಪೂರ್. ಒಂದೇ ಮನೆಯ ಮೂರು ತಲೆಮಾರು ಒಂದೇ ಚಿತ್ರದಲ್ಲಿ ಸೇರಿತು.

ಕನ್ನಡನಾಡಿಗೂ ಇಲ್ಲಿ ಎರಡು ಎಳೆಗಳುಂಟು. ತಾಯಿ ಲೀಲಾಳ ಪಾತ್ರ ಮಾಡಿದ ಲೀಲಾ ಚಿಟ್ನಿಸ್ ಹುಟ್ಟಿದ್ದು ಧಾರವಾಡದಲ್ಲಿ. ಪೃಥ್ವಿರಾಜರು 1971ರಲ್ಲಿ ಪುಟ್ಟಣ್ಣ ಕಣಗಾಲರ ‘ಸಾಕ್ಷಾತ್ಕಾರ’ದಲ್ಲಿ ನಮ್ಮ ರಾಜಕುಮಾರರ ತಂದೆಯಾಗಿ ಅಭಿನಯಿಸಿದರು. ಮರುವರ್ಷವೇ ತೀರಿಕೊಂಡರು.

‘ಆವಾರಾ’ ಹೊರದೇಶಕ್ಕೂ ಹೋಯಿತು. ಸೋವಿಯತ್ ದೇಶದಲ್ಲಿ 1954ರಲ್ಲಿ ಬಿಡುಗಡೆಯಾದಾಗ ಅದನ್ನು ನೋಡಿದವರು ಸುಮಾರು 6 ಕೋಟಿ 40 ಲಕ್ಷ ಮಂದಿ. ಯುದ್ಧದಲ್ಲಿ ಅಸಂಖ್ಯ ತಂದೆಯರು ಸತ್ತುಹೋಗಿದ್ದ ದೇಶ ಅದು. ತಂದೆಯಿಲ್ಲದೆ ಬೆಳೆದ ಹುಡುಗನ ಕಥೆ ಅಲ್ಲಿಯವರಿಗೆ ಪರಕೀಯವೆನಿಸಿರಲಾರದು.

ಈಗ ಆ ಕಾನೂನಿನ ವಿಷಯಕ್ಕೆ ಬರೋಣ. ರಘುನಾಥನ ನಂಬಿಕೆ ಕಥೆಗಾರನ ಕಲ್ಪನೆ ಎಂದು ತಿಳಿಯಬೇಡಿ. 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿತು. ಮೊದಲು ಉತ್ತರ ಭಾರತಕ್ಕೆ ಅನ್ವಯಿಸಿದ ಅದು 1911ರ ಕಾಯ್ದೆಯಿಂದ ಮುಂಬಯಿ, ಮದರಾಸು ಪ್ರಾಂತಗಳಿಗೂ ಬಂತು. ಯಾವ ಜಾತಿಯಲ್ಲಿ ಹುಟ್ಟಿದಿರಿ ಎಂಬುದೇ ನಿಮ್ಮ ಅಪರಾಧ. ಹೆಸರು ರಿಜಿಸ್ಟರಿಗೆ, ಪೊಲೀಸರ ಮುಂದೆ ಹಾಜರಿ, ಊರು ಬಿಡಲು ಪಾಸು. 1924ರ ಕಾಯ್ದೆಯಲ್ಲಿ ಇನ್ನೊಂದು ಕಲಮು ಇತ್ತು: 6 ವರ್ಷ ದಾಟಿದ, 18 ತುಂಬದ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣಾ ಶಾಲೆಯಲ್ಲಿ ಇಡುವ ಅಧಿಕಾರ. ಚಿತ್ರದಲ್ಲಿ ಒಬ್ಬ ತಂದೆ ಮಗನನ್ನು ತಳ್ಳಿದ. ಇಲ್ಲಿ ಸರಕಾರವೇ ಮಕ್ಕಳನ್ನು ಅಗಲಿಸಬಹುದಾಗಿತ್ತು.

ಸೊಲ್ಲಾಪುರದ ಕಡೆಯ ಕೇಳುಗರು ಸೆಟ್ಲಮೆಂಟ್ ಎಂಬ ಹೆಸರು ಬಲ್ಲಿರಿ. ಹುಬ್ಬಳ್ಳಿಯವರೂ ಬಲ್ಲರು. ಕೈಕಾಡಿ, ಪಾರ್ಧಿ, ಕಂಜಾರಭಾಟ ಮೊದಲಾದವರನ್ನು ಮುಳ್ಳುತಂತಿಯ ಬೇಲಿಯೊಳಗೆ ಇಟ್ಟು, ಗಿರಣಿ ಕೆಲಸಕ್ಕೆ ಕಳಿಸಿ, ಹಾಜರಿ ತೆಗೆದುಕೊಳ್ಳುತ್ತಿದ್ದ ಜಾಗ ಅದು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಮದರಾಸು, ಮುಂಬಯಿ ಪ್ರಾಂತಗಳು ಈ ಕಾಯ್ದೆಯನ್ನು ತೆಗೆದುಹಾಕಿದವು. ಇಡೀ ದೇಶದಲ್ಲಿ ಅದು ರದ್ದಾದದ್ದು 1952ರ ಆಗಸ್ಟ್ 31ರಂದು. ಅಂದರೆ ‘ಆವಾರಾ’ ತೆರೆಗೆ ಬಂದ ಎಂಟು ತಿಂಗಳ ಮೇಲೆ. ಚಿತ್ರದಿಂದ ಕಾಯ್ದೆ ಹೋಯಿತೆಂದು ನಾನು ಹೇಳುತ್ತಿಲ್ಲ. ಟಾಕೀಜಿನಲ್ಲಿ ಜನ ಜಗ್ಗಾನನ್ನು ನೋಡುತ್ತಿದ್ದ ದಿನಗಳಲ್ಲಿ ದೇಶದ ಕೆಲವೆಡೆ ಅಂಥವರ ಹೆಸರು ಇನ್ನೂ ರಿಜಿಸ್ಟರಿನಲ್ಲಿತ್ತು ಎಂಬುದಷ್ಟೇ ನನ್ನ ಮಾತು.

ಇಲ್ಲೊಂದು ವಿಷಯವನ್ನು ನೀವು ಯೋಚಿಸಬೇಕು. ಚಿತ್ರದ ಕೊನೆಯಲ್ಲಿ ತಂದೆ ಮಗನ ಕ್ಷಮೆ ಕೇಳಿದ, ನಾವು ಕಣ್ಣೊರೆಸಿಕೊಂಡು ಹೊರಗೆ ಬಂದೆವು. ಮೊದಲು ಅನ್ಯಾಯಕ್ಕೆ ಒಳಗಾದವನು ಯಾರು? ಜಗ್ಗಾ. ಅವನ ಕ್ಷಮೆಯನ್ನು ಯಾರೂ ಕೇಳಲಿಲ್ಲ. ಅವನು ಖಳನಾಯಕನಾಗಿಯೇ ಸತ್ತ. ಕೆ.ಎನ್. ಸಿಂಗ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಅವನು ಮೊದಲು ನಿರಪರಾಧಿಯಾಗಿದ್ದ ಎಂಬುದೇ ನಮಗೆ ಮರೆತುಹೋಗುತ್ತದೆ. ಬೀದಿಯಲ್ಲಿ ಬೆಳೆದವನು ಕೊನೆಗೂ ದೊಡ್ಡ ಮನೆಯ ಮಗ ಎಂದು ತಿಳಿದಾಗ ನಮಗೆ ಸಮಾಧಾನವಾಗುತ್ತದೆ. ಆ ಸಮಾಧಾನದ ಒಳಗೆ ರಘುನಾಥನ ನಂಬಿಕೆ ಸ್ವಲ್ಪ ಉಳಿದುಕೊಂಡಿದೆಯೇನೋ, ನೋಡಿಕೊಳ್ಳಿ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅರ್ಜಿಗಳಲ್ಲಿ ತಂದೆಯ ಹೆಸರಿನ ಕಾಲಮ್ಮನ್ನು ಸಾವಿರಾರು ಸಲ ತುಂಬಿಸಿದ್ದೇನೆ. ಸಾಲದ ವಿಷಯದಲ್ಲಿ ಕಾನೂನು ನ್ಯಾಯವಾಗಿದೆ: ಅಪ್ಪ ಬಿಟ್ಟುಹೋದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಮಗ ಅಪ್ಪನ ಸಾಲಕ್ಕೆ ಹೊಣೆ. ಏನೂ ಬಿಡದೆ ಹೋದರೆ ಮಗನ ಖಾತೆಗೆ ಒಂದು ಪೈಸೆಯನ್ನೂ ಹಾಕುವಂತಿಲ್ಲ. ಹಣಕ್ಕೆ ಇರುವ ಈ ನ್ಯಾಯ ಹೆಸರಿಗೆ ಇರಲಿಲ್ಲ. ಕಾಯ್ದೆ ಹೋಗಿ 70 ವರ್ಷ ದಾಟಿದರೂ ಊರಲ್ಲಿ ಕಳವಾದರೆ ಮೊದಲು ಯಾವ ಗುಡಿಸಲಿನ ಕಡೆ ಬೆರಳು ಹೋಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಮುಂದೆ ಎಂದಾದರೂ ‘ಆವಾರಾ’ ನೋಡುವ ಅವಕಾಶ ಬಂದರೆ ಮಕ್ಕಳನ್ನೂ ಕೂರಿಸಿಕೊಂಡು ನೋಡಿರಿ. ತಂದೆ ಮಗನ ಮಿಲನಕ್ಕೆ ಸಂತೋಷಪಡಿರಿ. ಜಗ್ಗಾ ಮೊದಲು ಏನು ತಪ್ಪು ಮಾಡಿದ್ದ ಎಂದು ಮಕ್ಕಳನ್ನು ಒಮ್ಮೆ ಕೇಳಿರಿ. ಅವರು ಏನು ಹೇಳುತ್ತಾರೋ ಕೇಳಿಸಿಕೊಳ್ಳಿರಿ.