ನುಂಗಲು ಕಷ್ಟವೇ? ಬಾಯಿಯ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದೀತು, ಜೋಕೆ!

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು ನಮ್ಮ ವಿಜಯಪುರ ಜಿಲ್ಲೆಗೆ ಅಂಟಿಕೊಂಡೇ ಇದೆ. ಉಮದಿ, ಸಂಖ ಕಡೆಯ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು. ಅಲ್ಲಿ ಯಾರಿಗಾದರೂ ಪಾರ್ಶ್ವವಾಯು ಹೊಡೆದು ದೊಡ್ಡ ಆಸ್ಪತ್ರೆ ಬೇಕೆಂದರೆ ಮಿರಜ್‌ಗೋ, ವಿಜಯಪುರಕ್ಕೋ ಹೋಗಬೇಕು. ಜೀವ ಉಳಿದು ಮನೆಗೆ ಬಂದ ಮೇಲೆ ಎಲ್ಲರೂ ಕೈಕಾಲು ಹೇಗಿದೆ ಅಂತ ವಿಚಾರಿಸುತ್ತಾರೆ. "ನುಂಗೋಕೆ ಆಗುತ್ತಾ?" ಅಂತ ಕೇಳುವವರು ಕಡಿಮೆ. ಅಪಾಯ ಅಡಗಿರೋದು ಅಲ್ಲೇ. ಇದು ಜತ್ತದ ಮಾತಷ್ಟೇ ಅಲ್ಲ, ಮಂಗಳೂರಿನ ನಮ್ಮ ಮನೆಗಳ ಮಾತೂ ಹೌದು.

ಬಾಯಿಯಲ್ಲಿ ಏನಾಗುತ್ತದೆ?

ಮನುಷ್ಯರ ಬಾಯಿಯಲ್ಲಿ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳು ಕಂಡುಬಂದಿವೆ. ಹೆಚ್ಚಿನವು ನಿರುಪದ್ರವಿ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಉತ್ಪತ್ತಿಯಾಗುತ್ತದೆ. ನಾವು ನುಂಗಿದಾಗಲೆಲ್ಲ ಅದು ಬಾಯಿಯನ್ನು ತೊಳೆಯುತ್ತದೆ. ನುಂಗುವುದು ಕಷ್ಟವಾದರೆ ಈ ತೊಳೆತ ನಿಲ್ಲುತ್ತದೆ. ಅನ್ನದ ಅಗುಳು ಕೆನ್ನೆಯಲ್ಲೇ ಉಳಿಯುತ್ತದೆ, ನಾಲಿಗೆ ಮೇಲೆ ಬಿಳಿ ಪದರ ಕಟ್ಟುತ್ತದೆ. ಕ್ಲೆಬ್ಸಿಯೆಲ್ಲಾ, ಸ್ಟೆಫೈಲೋಕಾಕಸ್‌ನಂತಹ ರೋಗಕಾರಕಗಳು ನೆಲೆಯೂರಬಹುದು. ಈ ಜೊಲ್ಲು ಶ್ವಾಸನಾಳಕ್ಕೆ ಜಾರಿದರೆ ನ್ಯುಮೋನಿಯಾ ಬರಬಹುದು. ಕೆಲವರಿಗೆ ಜಾರುವಾಗ ಕೆಮ್ಮು ಕೂಡ ಬರಲ್ಲ.

ಅನ್ನನಾಳದ ಕಥೆ

ಆರೋಗ್ಯವಂತರ ಅನ್ನನಾಳದಲ್ಲಿ ಬಾಯಿಯಿಂದ ಇಳಿದ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾಗಳದ್ದೇ ಮೇಲುಗೈ. ಅಕಲೇಶಿಯಾ ಎಂಬ ಕಾಯಿಲೆಯಲ್ಲಿ ಅನ್ನನಾಳದ ಕೆಳಗಿನ ಕವಾಟ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಆಹಾರ ಅಲ್ಲೇ ನಿಂತು ಹುಳಿಯುತ್ತದೆ, ಬ್ಯಾಕ್ಟೀರಿಯಾ ಹೆಚ್ಚುತ್ತದೆ, ರಾತ್ರಿ ಮಲಗಿದಾಗ ಬಾಯಿಗೆ ವಾಪಸ್ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಸ್ಟೆರಾಯ್ಡ್ ಇನ್ಹೇಲರ್ ಬಳಸುವವರಲ್ಲಿ ಕ್ಯಾಂಡಿಡಾ ಶಿಲೀಂಧ್ರ ಬೆಳೆದು ನುಂಗುವಾಗ ನೋವಾಗಬಹುದು. ಇನ್ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು ಎನ್ನುವುದು ಇದಕ್ಕೇ.

ಹಲ್ಲುಜ್ಜಿದರೆ ಜೀವ ಉಳಿಯುತ್ತಾ?

ಜಪಾನಿನ ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಊಟದ ನಂತರ ಪ್ರತಿಸಲ ಬಾಯಿ ಸ್ವಚ್ಛ ಮಾಡಿಸಿಕೊಂಡವರಲ್ಲಿ ಶೇ. 11 ಮಂದಿಗೆ ನ್ಯುಮೋನಿಯಾ ಬಂದರೆ, ಆ ಆರೈಕೆ ಸಿಗದವರಲ್ಲಿ ಶೇ. 19 ಮಂದಿಗೆ ಬಂತು. ಅಮೆರಿಕದ 1998ರ ಅಧ್ಯಯನವೊಂದರ ಪ್ರಕಾರ ನುಂಗುವ ತೊಂದರೆಯೊಂದೇ ನ್ಯುಮೋನಿಯಾ ತರುವುದಿಲ್ಲ. ಇತರರು ತಿನ್ನಿಸಬೇಕಾದ ಸ್ಥಿತಿ, ಹುಳುಕು ಹಲ್ಲು, ಧೂಮಪಾನ ಇವೆಲ್ಲ ಜೊತೆ ಸೇರುತ್ತವೆ.

ಮನೆಯವರು ಏನು ಮಾಡಬೇಕು?

* ಮಲಗಿಸಿ ತಿನ್ನಿಸಬೇಡಿ. ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ನಿಧಾನಕ್ಕೆ ಕೊಡಿ. ಊಟವಾದ ಮೇಲೂ ಅರ್ಧ ಗಂಟೆ ಕೂತಿರಲಿ.
* ಬ್ರಷ್ ಇರಲಿ, ಮಿಸ್ವಾಕ್ ಇರಲಿ, ದಿನಕ್ಕೆ ಎರಡು ಸಲವಾದರೂ ಹಲ್ಲು ಶುಚಿಯಾಗಲಿ. ನಾಲಿಗೆ, ಕೆನ್ನೆಯ ಒಳಭಾಗವನ್ನೂ ಒರೆಸಿ.
* ಕಟ್ಟುಹಲ್ಲು ಇದ್ದರೆ ರಾತ್ರಿ ತೆಗೆದು ತೊಳೆದಿಡಿ.
* ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತಿದ್ದರೂ ಬಾಯಿ ಶುಚಿ ಮಾಡಲೇಬೇಕು.
* ಮಹಾರಾಷ್ಟ್ರದಲ್ಲಿ ಸುಟ್ಟ ತಂಬಾಕಿನ ಪುಡಿ ಮಿಶ್ರಿಯಿಂದ ಹಲ್ಲುಜ್ಜುವವರಿದ್ದಾರೆ. ಅದು ಶುಚಿಯಲ್ಲ, ತಂಬಾಕು ಸೇವನೆಯೇ. ಗುಟ್ಕಾವೂ ಅಷ್ಟೇ.

ಯಾವಾಗ ವೈದ್ಯರ ಬಳಿ ಹೋಗಬೇಕು?

ನೀರು ಕುಡಿಯುವಾಗ ಕೆಮ್ಮು, ಊಟದ ನಂತರ ಗುಳುಗುಳು ಸ್ವರ, ಪದೇ ಪದೇ ಜ್ವರ, ತೂಕ ಇಳಿಕೆ ಕಂಡರೆ ತಡಮಾಡಬೇಡಿ. ಗಟ್ಟಿ ಆಹಾರ ಗಂಟಲಲ್ಲಿ ನಿಲ್ಲುವುದು ಕ್ಯಾನ್ಸರ್‌ನ ಸೂಚನೆಯೂ ಆಗಿರಬಹುದು. ಮಿರಜ್‌ನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೂ ಚಿಕಿತ್ಸೆ ಸಿಗುತ್ತದೆ. ನೀರು, ಗಂಜಿ ಎಷ್ಟು ಮಂದ ಇರಬೇಕು ಎನ್ನುವುದನ್ನು ತಜ್ಞರೇ ಹೇಳಬೇಕು.

ಗಡಿಭಾಗದಲ್ಲಿ ಇನ್ನೊಂದು ತೊಡಕಿದೆ. ಡಾಕ್ಟರು ಮರಾಠಿಯಲ್ಲಿ ಹೇಳಿದ್ದು ಮನೆಯಲ್ಲಿ ತಿನ್ನಿಸುವ ಹೆಂಗಸರಿಗೆ ತಲುಪದೇ ಹೋಗಬಹುದು. ಎರಡೂ ಭಾಷೆ ಬಲ್ಲ ಯುವಕರು ಆಸ್ಪತ್ರೆಗೆ ಜೊತೆಯಾಗಿ ಹೋಗಿ, ಸೂಚನೆಗಳನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಲಿ. ದುಡ್ಡು ಖರ್ಚಿಲ್ಲದ ಈ ಕೆಲಸದಿಂದ ಒಬ್ಬ ಅಜ್ಜ ಮತ್ತೆ ಆಸ್ಪತ್ರೆ ಸೇರುವುದು ತಪ್ಪಬಹುದು.